ಪಾತ್ರಕ್ರೀಡೆಯಲ್ಲಿ ದಾಳದ ಸ್ಥಾನ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿದ ಪ್ರಾಚೀನ ಲಾಕ್ಷಣಿಕರ ಮುಂದೆ ಇಂದಿನ ಪಾತ್ರಕ್ರೀಡೆಯನ್ನು ತಂದಿರಿಸಿದ್ದರೆ ಅವರು ಅದನ್ನು ಯಾವ ಪಂಕ್ತಿಯಲ್ಲಿ ಕುಳ್ಳಿರಿಸುತ್ತಿದ್ದರೆಂಬುದು ಸುಲಭವಾಗಿ ನಿರ್ಣಯಿಸತಕ್ಕ ವಿಷಯವಲ್ಲ. ಇಲ್ಲಿ ವೇಷವಿಲ್ಲ, ರಂಗವಿಲ್ಲ, ಆದುದರಿಂದ ದೃಶ್ಯವೆನ್ನಲಾಗದು. ಮೊದಲೇ ರಚಿತವಾದ ಗ್ರಂಥವಿಲ್ಲ. ಆದುದರಿಂದ ಶ್ರವ್ಯವೆನ್ನುವುದಕ್ಕೂ ಅಡ್ಡಿಯುಂಟು. ನಾಲ್ಕಾರು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರವು ಮಾಡುವುದನ್ನೂ ಆಡುವುದನ್ನೂ ಬಾಯಿಂದಲೇ ಹೇಳುತ್ತಾರೆ. ಅವರಲ್ಲೊಬ್ಬನು ಮಾತ್ರ ಯಾವ ಒಂದು ಪಾತ್ರಕ್ಕೂ ಕಟ್ಟುಬೀಳದೆ, ಊರು, ಕಾಡು, ಗುಹೆ, ರಾಜ, ರಾಕ್ಷಸ, ದಾರಿಹೋಕ ಇವೆಲ್ಲವನ್ನೂ ತಾನೇ ವರ್ಣಿಸಿ ತಾನೇ ಮಾತನಾಡಿಸುತ್ತಾನೆ. ಕಾರ್ಯದ ಫಲವು ಸಂದಿಗ್ಧವಾದಲ್ಲಿ ದಾಳವನ್ನು ಉರುಳಿಸಿ, ಅದು ತೋರಿದ ಸಂಖ್ಯೆಯಂತೆ ಕಥೆಯನ್ನು ಮುಂದುವರಿಸುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎನ್ನುವರು. ಪಾತ್ರಕ್ರೀಡೆಯೆಂಬ ಪದವನ್ನು ಇಲ್ಲಿ ಆ ಅರ್ಥದಲ್ಲಿಯೇ ಬಳಸಲಾಗಿದೆ. ಇದು ಮಕ್ಕಳಾಟ, ಇದಕ್ಕೇಕೆ ವಿಮರ್ಶೆ ಎನ್ನುವವರುಂಟು. ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದ್ದೂ ಒಂದು ಕ್ರೀಡನೀಯಕವನ್ನೇ ಎಂಬ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದ ವೃತ್ತಾಂತವನ್ನು ಅಂಥವರು ಸ್ಮರಿಸಬಹುದು.

ಆಟವನ್ನು ನಡೆಸುವವನಿಗೆ ಡಂಜನ್ ಮಾಸ್ಟರ್ ಎಂದೂ ಗೇಮ್ ಮಾಸ್ಟರ್ ಎಂದೂ ಹೆಸರುಗಳುಂಟು. ಅವನನ್ನು ಸೂತ್ರಧಾರನೆಂದು ಕರೆಯುವುದರಲ್ಲಿ ಬಾಧಕವೇನೂ ಇಲ್ಲ. ಆದರೆ ಸಂಸ್ಕೃತ ನಾಟಕದ ಸೂತ್ರಧಾರನು ಪ್ರಸ್ತಾವನೆಯನ್ನು ಮುಗಿಸಿ ತೆರೆಯ ಮರೆಗೆ ಸರಿಯುತ್ತಾನೆ, ಇವನಾದರೋ ಕೊನೆಯವರೆಗೂ ರಂಗವನ್ನು ಬಿಡುವುದಿಲ್ಲ. ಈ ಸೂತ್ರಧಾರನು ದಾಳಕ್ಕೆ ಅಧೀನನೋ, ದಾಳವು ಸೂತ್ರಧಾರನಿಗೆ ಅಧೀನವೋ ಎಂಬ ಪ್ರಶ್ನೆಯೊಂದು ಈ ಆಟದ ಹುಟ್ಟಿನಿಂದಲೂ ಅದರ ಬೆನ್ನಿಗಂಟಿ ಬಂದಿದೆ. ಇತರ ಪ್ರಶ್ನೆಗಳು ಆಟಗಾರರ ಅಭಿರುಚಿಗೆ ಸೇರಿದವು. ಈ ಒಂದು ಪ್ರಶ್ನೆಯ ಉತ್ತರವನ್ನನುಸರಿಸಿ ಮಾತ್ರ ಆ ಮೇಜಿನ ಮೇಲೆ ಹುಟ್ಟುವುದು ಕಲೆಯೋ ಕಪಟವೋ ಎಂಬುದು ನಿಶ್ಚಯವಾಗಬೇಕಾಗಿದೆ.

ಪ್ರಶ್ನೆಯ ಮೂಲವನ್ನು ಹುಡುಕಿದರೆ ಅದು ಕಥೆಗಾರರ ಮನೆಯಲ್ಲಿ ಸಿಕ್ಕದೆ ಸೈನಿಕರ ಪಾಳೆಯದಲ್ಲಿ ಸಿಕ್ಕುತ್ತದೆ. ಪ್ರಷ್ಯಾ ದೇಶದಲ್ಲಿ ರೈಸ್ವಿಟ್ಸ್ ಎಂಬವನು ೧೮೧೨ರಲ್ಲಿ ದೊರೆಗೆ ಒಂದು ಯುದ್ಧಕ್ರೀಡೆಯನ್ನು ಒಪ್ಪಿಸಿದನು. ಅವನ ಮಗನು ೧೮೨೪ರಲ್ಲಿ ಅದನ್ನು ತಿದ್ದಿ, ನಕ್ಷೆಯ ಮೇಲೆ ಸೇನೆಗಳ ಗುರುತುಗಳನ್ನಿಟ್ಟು, ಇಬ್ಬರು ಎದುರಾಳಿಗಳ ನಡುವೆ ಒಬ್ಬ ಮಧ್ಯಸ್ಥನನ್ನು ಕುಳ್ಳಿರಿಸಿದನು. ಇಷ್ಟು ದೂರದಿಂದ ಹಾರಿದ ಗುಂಡು ಎಷ್ಟು ಜನರನ್ನು ಕೆಡಹುವುದೆಂಬುದನ್ನು ದಾಳವೂ ಕೋಷ್ಟಕಗಳೂ ತೀರ್ಮಾನಿಸುತ್ತಿದ್ದುವು. ಅರ್ಧಶತಮಾನ ಕಳೆದ ಮೇಲೆ, ೧೮೭೬ರಲ್ಲಿ, ವೆರ್ಡಿ ದು ವೆರ್ನ್ವಾ ಎಂಬ ಪ್ರಷ್ಯದ ಸೇನಾಧಿಕಾರಿಯು ಈ ಕೋಷ್ಟಕಗಳಿಂದ ಆಟವು ಆಮೆಯ ನಡಿಗೆಗೆ ಇಳಿಯಿತೆಂದು ಬೇಸತ್ತು, ದಾಳವನ್ನು ಬದಿಗೊತ್ತಿ, ಅನುಭವಸ್ಥನಾದ ಮಧ್ಯಸ್ಥನ ವಿವೇಕವೇ ಪ್ರಮಾಣವೆಂದು ಸಾರಿದನು. ದಾಳದ ಪಕ್ಷ, ವಿವೇಕದ ಪಕ್ಷ ಎಂಬೆರಡು ಪಕ್ಷಗಳು ಹೀಗೆ ಪಾತ್ರಕ್ರೀಡೆಯು ಹುಟ್ಟುವುದಕ್ಕೆ ಸುಮಾರು ನೂರು ವರ್ಷಗಳ ಮೊದಲೇ ಏರ್ಪಟ್ಟುವು. ಆದರೆ ಅಲ್ಲಿ ಸಾಧಿಸಬೇಕಾದುದು ಶಿಕ್ಷಣ. ನುರಿತ ಗುರುವು ಶಿಷ್ಯನ ತಪ್ಪನ್ನು ದಾಳಕ್ಕಿಂತ ಚೆನ್ನಾಗಿ ತೋರಿಸಿಕೊಡಬಲ್ಲನೆಂಬುದನ್ನು ಅಲ್ಲಗಳೆಯಬೇಕಾದುದಿಲ್ಲ.

ಅಮೆರಿಕದ ಮಿನೆಸೋಟಾ ಪ್ರಾಂತದಲ್ಲಿ ಡೇವಿಡ್ ವೆಸ್ಲಿ ಎಂಬವರು ೧೯೬೯ರ ಸುಮಾರಿನಲ್ಲಿ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪಟ್ಟಣದ ಯುದ್ಧಕ್ರೀಡೆಯನ್ನು ನಡೆಸಿದರು. ಟಾಟನ್ ಎಂಬ ಅಮೆರಿಕದ ಸೇನಾಧಿಕಾರಿಯು ೧೮೮೦ರಲ್ಲಿ ಪ್ರಕಟಿಸಿದ ‘ಸ್ಟ್ರಾಟೆಗೋಸ್’ ಎಂಬ ಗ್ರಂಥದಿಂದ ಸರ್ವಾಧಿಕಾರವುಳ್ಳ ಮಧ್ಯಸ್ಥನ ಕಲ್ಪನೆಯನ್ನು ಅವರು ಪಡೆದಿದ್ದರು. ಅವರ ಹೊಸತನವೇನೆಂದರೆ, ಆಟಗಾರನಿಗೆ ಒಂದು ಸೇನೆಯನ್ನು ಕೊಡುವ ಬದಲು ಒಬ್ಬ ಮನುಷ್ಯನನ್ನು ಕೊಟ್ಟುದು. ಒಬ್ಬನು ಪಟ್ಟಣದ ಅಧ್ಯಕ್ಷ, ಇನ್ನೊಬ್ಬನು ವಿದ್ಯಾರ್ಥಿ; ಒಬ್ಬೊಬ್ಬನಿಗೂ ಒಂದೊಂದು ಗುಟ್ಟಿನ ಉದ್ದೇಶ. ಆ ಕೂಟದವರೇ ಆದ ಡೇವ್ ಆರ್ನೆಸನ್ ಇದನ್ನು ಬ್ಲ್ಯಾಕ್‌ಮೂರ್ ಎಂಬ ಮಾಯಾಲೋಕಕ್ಕೆ ಒಯ್ದರು. ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ೧೯೭೧ರಲ್ಲಿಯೇ ಜೆಫ್ ಪೆರೆನ್ ಅವರೊಡನೆ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧಕ್ರೀಡೆಯ ನಿಯಮಗಳನ್ನು ಪ್ರಕಟಿಸಿದ್ದರು. ಇವರಿಬ್ಬರ, ಎಂದರೆ ಆರ್ನೆಸನ್ ಮತ್ತು ಗೈಗ್ಯಾಕ್ಸರ, ಕೂಡುವಿಕೆಯಿಂದ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೂರು ಕಿರುಹೊತ್ತಗೆಗಳ ಪೆಟ್ಟಿಗೆಯು ಹೊರಬಿದ್ದಿತು. ಮೊದಲನೆಯ ಮುದ್ರಣ ಒಂದು ಸಾವಿರ ಪ್ರತಿ. ಆ ಹೊತ್ತಗೆಗಳಲ್ಲಿ ಸೈನಿಕರ ದಾಳವೂ ಅದ್ಭುತಕಥೆಗಳ ರಾಕ್ಷಸ, ಮಾಂತ್ರಿಕ, ನಿಧಿಗಳೂ ಒಂದೇ ಚೀಲದಲ್ಲಿ ತುಂಬಿಕೊಂಡುವು. ಯುದ್ಧಕ್ರೀಡೆಗೆ ಯಾರು ಗೆದ್ದರೆಂಬುದು ಮುಖ್ಯ. ಕಥೆಗೆ ಗೆಲುವು ಹೇಗೆ ಒದಗಿತೆಂಬುದು ಮುಖ್ಯ. ಎರಡು ಮನೆತನಗಳ ಆಸ್ತಿಗೆ ಒಬ್ಬನೇ ವಾರಸುದಾರನಾದಾಗ ವ್ಯಾಜ್ಯವು ಹುಟ್ಟುವುದು ಸಹಜವೇ.

ದಾಳದ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಆರು ಮುಖದ ದಾಳವಲ್ಲದೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ಘನಗಳನ್ನೂ ಈ ಆಟದಲ್ಲಿ ಬಳಸುತ್ತಾರೆ. ಇವು ಗ್ರೀಕರ ರೇಖಾಗಣಿತದಲ್ಲಿ ಪ್ರಸಿದ್ಧವಾದ ಐದು ಸಮಘನಗಳೇ. ಇಪ್ಪತ್ತು ಮುಖದ ದಾಳದಲ್ಲಿ ಒಂದೊಂದು ಸಂಖ್ಯೆಗೂ ನೂರಕ್ಕೆ ಐದರಷ್ಟು ಅವಕಾಶ. ಆರು ಮುಖದ ಮೂರು ದಾಳಗಳನ್ನು ಕೂಡಿಸಿ ಹಾಕಿದರೆ ೨೧೬ ಬಗೆಗಳಲ್ಲಿ ಹದಿನೆಂಟು ಬೀಳುವುದು ಒಂದೇ ಬಗೆ. ಹತ್ತು ಬೀಳುವುದಕ್ಕಾದರೋ ೨೭ ಬಗೆಗಳುಂಟು. ಮೊದಲನೆಯದು ಕುರುಡು ದೈವ; ಎರಡನೆಯದು ನಡುದಾರಿಯನ್ನು ಮೆಚ್ಚುವ ದೈವ. ಭರತಖಂಡಕ್ಕೆ ಇದೇನೂ ಹೊಸದಲ್ಲ. ವೇದಕಾಲದ ಜೂಜುಗಾರನು ತಾರೆಕಾಯಿಗಳನ್ನು ಎರಚಿ ಆಡುತ್ತಿದ್ದನು. ಋತುಪರ್ಣನು ತಾರೆಯ ಮರದ ಎಲೆಕಾಯಿಗಳನ್ನು ನೋಟಮಾತ್ರದಿಂದ ಎಣಿಸಿ, ನಳನಿಗೆ ಅಕ್ಷಹೃದಯವನ್ನು ಉಪದೇಶಿಸಿದ ಕಥೆ ಪ್ರಸಿದ್ಧವಾಗಿದೆ. ಶಕುನಿಯ ದ್ಯೂತವು ಅದಕ್ಕಿಂತಲೂ ಪ್ರಸಿದ್ಧ. ಗಮನಿಸತಕ್ಕ ಅಂಶವೇನೆಂದರೆ, ನಳನೂ ಆಡಿ ಸೋತವನೇ, ಧರ್ಮರಾಜನೂ ಆಡಿ ಸೋತವನೇ. ಆದರೆ ಲೋಕವು ಶಕುನಿಯನ್ನು ನಿಂದಿಸುವುದು ಗೆದ್ದುದಕ್ಕಾಗಿ ಅಲ್ಲ, ಕಪಟದಿಂದ ಗೆದ್ದುದಕ್ಕಾಗಿ.

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಆಟಗಾರ್ತಿಯೊಬ್ಬಳ ಪಾತ್ರವು ಕುಸಿದು ಬೀಳುತ್ತಿರುವ ಸುರಂಗದಲ್ಲಿ ಗಾಯಗೊಂಡ ಗೆಳೆಯನನ್ನು ಹೆಗಲ ಮೇಲೆ ಹೊತ್ತು ಒಂದು ಕಂದಕವನ್ನು ಹಾರಬೇಕಾಗಿದೆ. ಗೆಳೆಯನನ್ನು ಕೆಳಗಿಳಿಸಿದರೆ ಅವಳು ಕಷ್ಟವಿಲ್ಲದೆ ದಾಟಬಲ್ಲಳು. ಹೊತ್ತುಕೊಂಡೇ ಹಾರುವುದಾದರೆ ಇಪ್ಪತ್ತು ಮುಖದ ದಾಳದಲ್ಲಿ ಹದಿನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕೆಂದು ಸೂತ್ರಧಾರನು ಹೇಳುತ್ತಾನೆ. ಎಂದರೆ ನೂರಕ್ಕೆ ಮೂವತ್ತೈದರ ಆಸೆ. ಅವಳು ಒಂದು ಕ್ಷಣ ಸುಮ್ಮನಿದ್ದು, ಹೊತ್ತೇ ಹಾರುತ್ತೇನೆ ಎನ್ನುತ್ತಾಳೆ. ಆ ಒಂದು ಕ್ಷಣದ ಮೌನವೇ ಈ ಕಲೆಯ ಪ್ರಾಣ. ಅಲ್ಲಿ ಮತಿ, ಶಂಕೆ, ಆವೇಗ, ಧೃತಿ ಎಂಬ ಸಂಚಾರಿಗಳೆಲ್ಲವೂ ಒಂದರ ಹಿಂದೊಂದು ಸುಳಿದುಹೋಗುತ್ತವೆ. ಉತ್ಸಾಹವು ಸ್ಥಾಯಿಯಾಗಿ ನಿಲ್ಲುತ್ತದೆ. ಅನಂತರ ದಾಳವು ಉರುಳಿ ಹದಿಮೂರನ್ನು ತೋರಿಸಿತೆನ್ನೋಣ. ಸೂತ್ರಧಾರನಿಗೆ ಮರುಕವಾಗುತ್ತದೆ. ಹೇಗೋ ನಿನ್ನ ಬೆರಳು ಅಂಚಿಗೆ ಸಿಕ್ಕಿತು, ನೀವಿಬ್ಬರೂ ಬದುಕಿದಿರಿ ಎಂದು ಅವನು ಹೇಳಿಬಿಡುತ್ತಾನೆ. ಎಲ್ಲರೂ ಸಂತೋಷಪಡುತ್ತಾರೆ. ಆದರೆ ಆ ಹಿಂದಿನ ಮೌನಕ್ಕೆ ಏನಾಯಿತು? ಅವಳು ಮೂವತ್ತೈದರ ಆಸೆಗೆ ಪ್ರಾಣವನ್ನು ಒಡ್ಡಿದಳೆಂಬುದು ಸುಳ್ಳಾಯಿತು. ಆಸೆಯು ಮೊದಲಿನಿಂದಲೂ ನೂರಕ್ಕೆ ನೂರೇ ಆಗಿತ್ತು. ಅವಳಿಗೆ ಅದು ತಿಳಿದಿರಲಿಲ್ಲ, ಅಷ್ಟೆ. ಅವಳ ವೀರವು ಹಿಂದಿನಿಂದ ಬಂದು ಅಳಿಸಿಹೋಯಿತು.

ಇದಕ್ಕೆ ಪೂರ್ವಪಕ್ಷವು ದುರ್ಬಲವಾದುದೇನೂ ಅಲ್ಲ. ಗೈಗ್ಯಾಕ್ಸರೇ ೧೯೭೯ರಲ್ಲಿ ಪ್ರಕಟಿಸಿದ ‘ಡಂಜನ್ ಮಾಸ್ಟರ್ಸ್ ಗೈಡ್’ ಎಂಬ ಗ್ರಂಥದಲ್ಲಿ, ಸೂತ್ರಧಾರನು ಬೇಕಾದಲ್ಲಿ ದಾಳವನ್ನು ಮೀರಬಹುದೆಂದು ಅನುಮತಿಯನ್ನಿತ್ತಿದ್ದಾರೆ. ಆಟಗಾರನು ಮಾಡಬೇಕಾದುದೆಲ್ಲವನ್ನೂ ಜಾಣ್ಮೆಯಿಂದ ಮಾಡಿದ್ದು, ಬರಿಯ ದುರ್ದೈವದಿಂದ ಪಾತ್ರವು ಸಾಯುವಂತಿದ್ದರೆ, ಸಾವಿನ ಬದಲು ಮೂರ್ಛೆಯನ್ನೋ ಅಂಗಹಾನಿಯನ್ನೋ ವಿಧಿಸಬಹುದೆಂಬುದು ಅವರ ಮತ. ಶಾಸ್ತ್ರಕಾರನೇ ಅಪವಾದವನ್ನು ಹೇಳಿರುವಾಗ ಟೀಕಾಕಾರರ ಗದ್ದಲವೇಕೆ ಎನ್ನಬಹುದು. ಆದರೆ ಆ ಅಪವಾದವನ್ನು ಸರಿಯಾಗಿ ಓದಬೇಕು. ಸಾವಿಗೆ ಬದಲಾಗಿ ಅಂಗಹಾನಿಯೆಂದರೆ ಸೋಲು ಸೋಲಾಗಿಯೇ ಉಳಿಯಿತು. ಅದರ ಬೆಲೆ ಮಾತ್ರ ಬದಲಾಯಿತು. ದಾಳವು ಆಗದು ಎಂದುದನ್ನು ಸೂತ್ರಧಾರನು ಆಯಿತು ಎಂದಂತಾಗಲಿಲ್ಲ. ಹಾಗಿದ್ದರೂ ಅದೇ ಗ್ರಂಥದಲ್ಲಿ, ತನಗೆ ಬೇಕಾದ ದಿಕ್ಕಿಗೆ ಕಥೆಯು ಸಾಗಲೆಂಬ ಕಾರಣದಿಂದಲೂ ದಾಳವನ್ನು ತಳ್ಳಿಹಾಕಬಹುದೆಂಬ ಅಭಿಪ್ರಾಯವೂ ಬಂದಿರುವುದು ನಿಜ. ಅದು ವೆರ್ಡಿಯ ಮಾತಿನ ಪ್ರತಿಧ್ವನಿ. ಶಿಕ್ಷಣಕ್ಕೆ ಸಲ್ಲುವುದು ರಸಕ್ಕೂ ಸಲ್ಲುವುದೆಂಬ ಭ್ರಾಂತಿಯಿಂದ ಹುಟ್ಟಿದುದು.

ಇನ್ನೂ ಸೂಕ್ಷ್ಮವಾದ ಆಕ್ಷೇಪವೊಂದುಂಟು. ರಸವು ಅನುಮಿತಿಯೆಂದು ಸಾಧಿಸಿದ ಶ್ರೀಶಂಕುಕನ ಮತದಂತೆ, ನಟನಲ್ಲಿ ಕಾಣುವ ಚಿಹ್ನೆಗಳೆಲ್ಲವೂ ಕೃತ್ರಿಮವೇ. ಕೃತ್ರಿಮವೆಂಬ ಭಾವನೆಯು ತಲೆದೋರದಿದ್ದಲ್ಲಿ ಪ್ರೇಕ್ಷಕನಿಗೆ ಆಸ್ವಾದವುಂಟಾಗುತ್ತದೆ. ಚಿತ್ರದ ಕುದುರೆಯನ್ನು ಕುದುರೆಯೆಂದೇ ಗ್ರಹಿಸುವಂತೆ. ಹಾಗಾದರೆ ಗುಟ್ಟಾಗಿ ತಿರುಗಿಸಿಟ್ಟ ದಾಳವೂ ಒಂದು ಕೃತ್ರಿಮ ಚಿಹ್ನೆಯೇ; ಆಟಗಾರನಿಗೆ ತಿಳಿಯದಿರುವವರೆಗೆ ಅವನ ಭಯವೂ ಉತ್ಸಾಹವೂ ಅಖಂಡವಾಗಿಯೇ ಇರುತ್ತವೆ; ದೋಷವೆಲ್ಲಿ? ಮರೆಯೊಂದನ್ನು ನಿಲ್ಲಿಸಿಕೊಂಡು ಅದರ ಹಿಂದೆ ದಾಳವನ್ನು ಹಾಕುವ ಸೂತ್ರಧಾರರೆಲ್ಲರ ವಾದವು ಕೊನೆಗೆ ಇದೇ ಆಗಿದೆ.

ಇದಕ್ಕೆ ಸಮಾಧಾನವು ಹೀಗೆ. ಚಿತ್ರದ ಕುದುರೆಯನ್ನು ನೋಡುವವನು ಚಿತ್ರಶಾಲೆಗೆ ಬಂದಿರುವೆನೆಂಬುದನ್ನು ಬಲ್ಲನು. ಕೃತ್ರಿಮತೆಗೆ ಅವನ ಒಪ್ಪಿಗೆಯುಂಟು. ಪಾತ್ರಕ್ರೀಡೆಯಲ್ಲಿಯೂ ಕೂಡಿದವರೆಲ್ಲರ ಒಪ್ಪಿಗೆಯಿಂದ ಗುಹೆಯು ಗುಹೆಯಾಗುತ್ತದೆ, ರಾಕ್ಷಸನು ರಾಕ್ಷಸನಾಗುತ್ತಾನೆ. ಆದರೆ ಅದೇ ಒಪ್ಪಿಗೆಯಲ್ಲಿ ಇನ್ನೊಂದು ಅಂಶವೂ ಅಡಗಿದೆ: ದಾಳವು ದಾಳವೇ. ಮೇಜಿನ ಮೇಲಿರುವ ಸಮಸ್ತ ವಸ್ತುಗಳಲ್ಲಿ ಯಾವುದರ ಅನುಕರಣವೂ ಆಗಿರದ ವಸ್ತು ಇದೊಂದೇ. ಮಾತು ಅನುಕರಣ, ಧ್ವನಿಯು ಅನುಕರಣ, ಗೊಂಬೆಯನ್ನಿಟ್ಟರೆ ಗೊಂಬೆಯೂ ಅನುಕರಣ. ಉರುಳುವ ದಾಳವಾದರೋ ಲೋಕದಲ್ಲಿ ಹೇಗೆ ಉರುಳುವುದೋ ಹಾಗೆಯೇ ಇಲ್ಲಿಯೂ ಉರುಳುತ್ತದೆ. ಕಲ್ಪನೆಯ ಗಾಳಿಪಟಕ್ಕೆ ನೆಲದಲ್ಲಿರುವ ದಾರದ ತುದಿಯಿದ್ದಂತೆ ಅದು. ಅದನ್ನೂ ಅನುಕರಣವಾಗಿ ಮಾಡಿದರೆ, ಎಂದರೆ ದಾಳವನ್ನು ಹಾಕಿದಂತೆ ನಟಿಸಿದರೆ, ಒಪ್ಪಿಗೆಯಿಲ್ಲದ ಅನುಕರಣವೊಂದು ಒಪ್ಪಿಗೆಯಿದ್ದ ಅನುಕರಣಗಳ ನಡುವೆ ನುಸುಳುತ್ತದೆ. ಅದಕ್ಕೆ ನಾಟ್ಯವೆಂಬ ಹೆಸರು ಸಲ್ಲದು. ವಂಚನೆಯೆಂಬ ಹಳೆಯ ಹೆಸರೇ ಸಾಕು. ತಿಳಿಯದಿರುವವರೆಗೆ ದೋಷವಿಲ್ಲವೆಂಬ ಮಾತೂ ಲೋಕಾನುಭವಕ್ಕೆ ನಿಲ್ಲುವುದಿಲ್ಲ. ಹತ್ತು ಸಲ ಸಾಯಬೇಕಾದ ಪಾತ್ರವು ಹತ್ತು ಸಲವೂ ಬದುಕಿದರೆ ಹನ್ನೊಂದನೆಯ ಸಲ ಯಾವ ಆಟಗಾರನೂ ಹೆದರುವುದಿಲ್ಲ.

ಆದರೆ ಆಟಗಾರನ ಹೆದರಿಕೆಯು ರಸವೋ, ಲೌಕಿಕ ಭಾವವೋ ಎಂಬ ಶಂಕೆಯನ್ನು ಪರಿಹರಿಸದೆ ಮುಂದೆ ಹೋಗಲಾಗದು. ಭಾವವನ್ನು ತನ್ನದೆಂದೋ ಪರರದೆಂದೋ ನಿಯಮಿಸಿಕೊಳ್ಳುವುದೂ ತನ್ನ ಸುಖದುಃಖಗಳಿಗೆ ವಶನಾಗುವುದೂ ರಸಕ್ಕೆ ವಿಘ್ನಗಳೆಂದು ಅಭಿನವಗುಪ್ತನು ನಿರೂಪಿಸಿದ್ದಾನೆ. ಇಲ್ಲಿ ಆಟಗಾರನು ನಾನು ಬಾಗಿಲನ್ನು ತೆರೆಯುತ್ತೇನೆ ಎನ್ನುತ್ತಾನೆ. ಸತ್ತರೆ ಸಾಯುವುದು ತಿಂಗಳುಗಟ್ಟಲೆ ಅವನು ಬೆಳೆಸಿದ ಪಾತ್ರ. ನಟನೂ ಅವನೇ, ಸಹೃದಯನೂ ಅವನೇ. ತನ್ನ ಅಡಿಗೆಯನ್ನು ತಾನೇ ಉಣ್ಣುವವನಂತೆ. ಈ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕುವುದು ಸಾಧ್ಯವಿಲ್ಲ. ಎಷ್ಟೋ ಮೇಜುಗಳಲ್ಲಿ ನಡೆಯುವುದು ಜೂಜಿನ ಕಾವೇ ಹೊರತು ರಸವಲ್ಲ. ಆದರೂ ಈ ಆಟದ ಸಾಮಗ್ರಿಯಲ್ಲಿಯೇ ಒಂದು ಔಷಧವಿದೆ. ಅದು ಪಾತ್ರದ ಗುಣಗಳನ್ನು ಸಂಖ್ಯೆಗಳಲ್ಲಿ ಬರೆದಿಟ್ಟ ಕಾಗದ. ಸ್ಯಾಂಡಿ ಪೀಟರ್ಸನ್ ೧೯೮೧ರಲ್ಲಿ ರಚಿಸಿದ ‘ಕಾಲ್ ಆಫ್ ಕಥುಲು’ ಎಂಬ ಆಟದಲ್ಲಿ ಪಾತ್ರದ ಚಿತ್ತಸ್ವಾಸ್ಥ್ಯಕ್ಕೂ ಒಂದು ಸಂಖ್ಯೆಯುಂಟು. ಘೋರವಾದುದನ್ನು ಕಂಡಾಗ ದಾಳವನ್ನು ಹಾಕಬೇಕು; ತಪ್ಪಿದರೆ ಆ ಸಂಖ್ಯೆ ಇಳಿಯುತ್ತದೆ; ಇಳಿಯುತ್ತ ಇಳಿಯುತ್ತ ಪಾತ್ರವು ಹುಚ್ಚಾಗುತ್ತದೆ. ಆಟಗಾರನು ಚಹಾ ಕುಡಿಯುತ್ತ ನಗುತ್ತಿರಬಹುದು. ಪಾತ್ರದ ಬುದ್ಧಿ ಮಾತ್ರ ಕಣ್ಣೆದುರಿಗೇ ಕರಗುತ್ತಿರುತ್ತದೆ. ತನ್ನದಾಗಿಯೂ ತನ್ನದಲ್ಲದ ಈ ಭಯವನ್ನು ಅವನು ಸವಿಯುತ್ತಾನೆ. ಸಾಧಾರಣೀಕರಣವೆಂದು ಭಟ್ಟನಾಯಕನು ಕರೆದುದಕ್ಕೆ ಇದು ಬಹಳ ಹತ್ತಿರದ ಸ್ಥಿತಿ. ಇದನ್ನು ಸಾಧ್ಯಗೊಳಿಸಿದುದೂ ದಾಳವೇ. ಸೂತ್ರಧಾರನು ನಿನಗೀಗ ಭಯವಾಯಿತು ಎಂದು ಅಪ್ಪಣೆ ಕೊಡಿಸಿದ್ದರೆ ಆಟಗಾರನು ಮುನಿಯುತ್ತಿದ್ದನು.

ಇತಿವೃತ್ತದ ವಿಚಾರಕ್ಕೆ ಬಂದರೆ ವ್ಯಾಜ್ಯವು ಇನ್ನೂ ಸ್ಪಷ್ಟವಾಗುತ್ತದೆ. ೧೯೮೪ರಿಂದ ಹೊರಬಂದ ‘ಡ್ರ್ಯಾಗನ್‌ಲ್ಯಾನ್ಸ್’ ಎಂಬ ಸಾಹಸಮಾಲೆಯಲ್ಲಿ ಟ್ರೇಸಿ ಹಿಕ್‌ಮನ್, ಮಾರ್ಗರೆಟ್ ವೈಸ್ ಮೊದಲಾದವರು ಒಂದು ಮಹಾಕಥೆಯನ್ನು ಮುಂಚಿತವಾಗಿಯೇ ಹೆಣೆದು, ಆಟಗಾರರಿಗೆ ಸಿದ್ಧಪಾತ್ರಗಳನ್ನಿತ್ತರು. ಅದೇ ಪಾತ್ರಗಳು ಅದೇ ವರ್ಷ ಪ್ರಕಟವಾದ ಕಾದಂಬರಿಯ ನಾಯಕರೂ ಆಗಿದ್ದರು. ಮುಂದಿನ ಕಥೆಗೆ ಬೇಕಾದ ಪಾತ್ರವೊಂದು ನಡುವೆ ಸತ್ತರೆ ಏನು ಗತಿ? ಶವವು ಸಿಕ್ಕದ ಹಾಗೆ ಸಾವನ್ನು ಮಸುಕುಗೊಳಿಸಿ, ಮುಂದೆ ಆ ಪಾತ್ರವು ಮರಳಿ ಬರುವುದಕ್ಕೆ ಎಡೆಮಾಡಬೇಕೆಂದು ಸೂತ್ರಧಾರನಿಗೆ ಸೂಚನೆ. ಮಾಲೆಯಲ್ಲಿ ಕಥಾಸೌಂದರ್ಯವಿಲ್ಲವೆಂದು ಹೇಳಲಾಗದು. ಗೂಢಾರಣ್ಯಗಳನ್ನು ದೋಚುವುದೇ ಪುರುಷಾರ್ಥವಾಗಿದ್ದ ಆಟಕ್ಕೆ ಅದು ಕರುಣವನ್ನೂ ವೀರವನ್ನೂ ತಂದಿತು. ಆದರೆ ದಾಳವು ಅಲ್ಲಿ ಮಂಗಳವಾದ್ಯದಂತಾಯಿತು. ಮುಹೂರ್ತವನ್ನು ನಿಶ್ಚಯಿಸಿದವರು ಬೇರೆ.

ಹಾಗೆಂದ ಮಾತ್ರಕ್ಕೆ ಮೊದಲೇ ನಿಶ್ಚಿತವಾದ ಕಥೆಯು ಯಾವಾಗಲೂ ದೋಷವೆನ್ನಬಾರದು. ಕನ್ನಡನಾಡಿನ ಕರಾವಳಿ ಮಲೆನಾಡುಗಳಲ್ಲಿ ನಡೆಯುವ ತಾಳಮದ್ದಳೆಯು ಇದಕ್ಕೆ ದೃಷ್ಟಾಂತ. ಅಲ್ಲಿಯೂ ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುತ್ತಾರೆ. ಆ ಮಾತು ಬರೆದಿಟ್ಟುದಲ್ಲ, ಆಗಿಂದಾಗ ಹುಟ್ಟಿದುದು. ವಾಲಿಯ ಅರ್ಥವನ್ನು ಹೇಳುವವನು ರಾಮನ ಅರ್ಥಧಾರಿಯನ್ನು ವಾದದಲ್ಲಿ ನಿರುತ್ತರನನ್ನಾಗಿ ಮಾಡಬಹುದು. ನಾಟಿದ ಬಾಣವನ್ನು ಮಾತ್ರ ಕೀಳಲಾರನು. ಸಭೆಗೆ ಅದು ಗೊತ್ತು, ಅರ್ಥಧಾರಿಗೂ ಗೊತ್ತು. ಫಲವು ಬಂಧಿತ, ರೀತಿಯು ಸ್ವತಂತ್ರ. ಆ ಬಂಧನವು ಎಲ್ಲರಿಗೂ ಪ್ರಕಾಶವಾಗಿರುವುದರಿಂದ ಅಲ್ಲಿ ವಂಚನೆಯ ಮಾತೇ ಏಳುವುದಿಲ್ಲ. ಡ್ರ್ಯಾಗನ್‌ಲ್ಯಾನ್ಸಿನ ದೋಷವು ಕಥೆಯನ್ನು ನಿಶ್ಚಯಿಸಿದುದರಲ್ಲಿರದೆ, ನಿಶ್ಚಯವನ್ನು ಅನಿಶ್ಚಯವೆಂದು ತೋರಿಸಲು ದಾಳವನ್ನು ಬಳಸಿದುದರಲ್ಲಿದೆ. ಆಂಗ್ಲ ಆಟಗಾರರು ಇಂಥದನ್ನು ರೈಲುಹಳಿಗೆ ಹೋಲಿಸಿ ಹಳಿಯುವರು. ಹೋಲಿಕೆ ಅಷ್ಟು ಸಮಂಜಸವಲ್ಲ. ರೈಲು ಹತ್ತಿದವನಿಗೆ ಹಳಿಯು ಕಾಣುತ್ತದೆ, ಊರಿನ ಹೆಸರೂ ತಿಳಿದಿರುತ್ತದೆ; ಇಲ್ಲಿ ಬಯಲಿನಲ್ಲಿ ನಡೆಯುತ್ತಿರುವೆನೆಂದು ನಂಬಿದವನ ಕಾಲಡಿಯಲ್ಲಿ ಹಳಿಯಿರುತ್ತದೆ.

ಇದರ ವಿರುದ್ಧದ ಅತಿರೇಕವು ಗೈಗ್ಯಾಕ್ಸರ ‘ಟೂಂಬ್ ಆಫ್ ಹಾರರ್ಸ್’. ೧೯೭೫ರಲ್ಲಿ ಪಂದ್ಯಕ್ಕಾಗಿ ರಚಿತವಾಗಿ ೧೯೭೮ರಲ್ಲಿ ಅಚ್ಚಾದ ಈ ಸಮಾಧಿಯಲ್ಲಿ ಹಸುರು ಪಿಶಾಚದ ಮುಖವೊಂದುಂಟು. ಅದರ ತೆರೆದ ಬಾಯೊಳಕ್ಕೆ ಹೊಕ್ಕವನು ದಾಳಕ್ಕೆ ಕೈಹಾಕುವ ಅವಕಾಶವೂ ಇಲ್ಲದೆ ನಾಶವಾಗುತ್ತಾನೆ. ಅಲ್ಲಿ ಪರೀಕ್ಷೆಯಾಗುವುದು ಬುದ್ಧಿ. ಅದು ಒಗಟಿನ ಸೊಗಸು. ಕಾವ್ಯದ ಸೊಗಸು ಬೇರೆ.

ಸೂತ್ರಧಾರನ ಕೈಗೆ ಕಟ್ಟು ಹಾಕುವ ಉಪಾಯಗಳನ್ನು ಬಲ್ಲವರು ಬಗೆಬಗೆಯಾಗಿ ಕಂಡುಕೊಂಡಿದ್ದಾರೆ. ಟ್ರೇಸಿ ಹಿಕ್‌ಮನ್ನರೂ ಅವರ ಪತ್ನಿ ಲಾರಾ ಹಿಕ್‌ಮನ್ನರೂ ಡ್ರ್ಯಾಗನ್‌ಲ್ಯಾನ್ಸಿಗೆ ಒಂದು ವರ್ಷ ಮೊದಲು, ೧೯೮೩ರಲ್ಲಿ, ರಚಿಸಿದ ‘ರೇವನ್‌ಲಾಫ್ಟ್’ನಲ್ಲಿ ರಕ್ತಪಿಪಾಸುವಾದ ದುರ್ಗಾಧಿಪತಿಯ ಉದ್ದೇಶವೇನು, ಅವನನ್ನು ಗೆಲ್ಲುವ ಸಾಧನಗಳು ಎಲ್ಲಿ ಅಡಗಿವೆ ಎಂಬುದನ್ನು ಇಸ್ಪೀಟೆಲೆಗಳನ್ನೆತ್ತಿ ನಿಶ್ಚಯಿಸುತ್ತಾರೆ. ಭವಿಷ್ಯ ಹೇಳುವ ಹೆಂಗಸೊಬ್ಬಳು ಎಲೆ ತೆಗೆಯುವಂತೆ ಕಥೆಯೊಳಗೇ ಇದು ನಡೆಯಬಹುದು. ಸೂತ್ರಧಾರನೂ ಆಟಗಾರರೂ ಒಟ್ಟಿಗೆ ದೈವದ ಬಾಯಿಂದ ಕಥೆಯನ್ನು ಕೇಳುತ್ತಾರೆ. ಒಂದೇ ಲೇಖನಿಯಿಂದ ಇದೂ ಅದೂ ಹೊರಟುದು ಸೋಜಿಗವೇ. ವಿನ್ಸೆಂಟ್ ಬೇಕರ್ ಅವರ ‘ಅಪಾಕಲಿಪ್ಸ್ ವರ್ಲ್ಡ್’ (೨೦೧೦) ಇನ್ನೂ ಮುಂದೆ ಹೋಗಿ, ಸೂತ್ರಧಾರನ ಕೈಗೆ ದಾಳವನ್ನೇ ಕೊಡುವುದಿಲ್ಲ. ಹಾಕುವವರು ಆಟಗಾರರು ಮಾತ್ರ, ಎಲ್ಲರ ಕಣ್ಣೆದುರಿಗೆ. ಎರಡು ದಾಳಗಳ ಮೊತ್ತವು ಹತ್ತು ಮುಟ್ಟಿದರೆ ಪೂರ್ಣಫಲ. ಏಳರಿಂದ ಒಂಬತ್ತರವರೆಗೆ ಬಿದ್ದರೆ ಬೆಲೆ ತೆತ್ತು ಪಡೆದ ಫಲ. ಆರಕ್ಕಿಳಿದರೆ ಸೂತ್ರಧಾರನ ಸರದಿ. ಗುಣದ ಅಂಕಗಳನ್ನು ಸೇರಿಸದೆ ಎಣಿಸಿದರೆ ೩೬ರಲ್ಲಿ ೧೫ ಬಗೆಗಳು ಆ ನಡುವಣ ಪಂಕ್ತಿಗೇ ಸಲ್ಲುತ್ತವೆ. ಕೊಟ್ಟು ಕಸಿದುಕೊಳ್ಳುವ ದೈವದ ಸ್ವಭಾವವು ಇಷ್ಟು ಚೆನ್ನಾಗಿ ಅಂಕೆಗಳಲ್ಲಿ ಮೂಡಿದುದು ಅಪರೂಪ.

ದಾಳವೇ ಇಲ್ಲದ ಆಟಗಳ ಗತಿಯೇನೆಂದು ಕೇಳಬಹುದು. ಎರಿಕ್ ವೂಜಿಕ್ ೧೯೯೧ರಲ್ಲಿ ರಚಿಸಿದ ‘ಆ್ಯಂಬರ್’ ಎಂಬ ಆಟದಲ್ಲಿ ದಾಳವಿಲ್ಲ. ಆಟಗಾರರು ಮೊದಲು ಹರಾಜಿನಲ್ಲಿ ಕೂಗಿ ತಂತಮ್ಮ ಬಲಾಬಲಗಳ ಮೇಲುಕೀಳನ್ನು ಗೊತ್ತುಮಾಡಿಕೊಳ್ಳುವರು. ತರುವಾಯ ಆ ಶ್ರೇಣಿಯೇ ಪ್ರಮಾಣ. ಇಲ್ಲಿ ಸೂತ್ರಧಾರನ ಅಧಿಕಾರವು ಬಹಳ ವಿಸ್ತಾರವಾದುದು. ಆದರೂ ಅವನು ತನ್ನ ವಿವೇಕವನ್ನು ವಿವೇಕವೆಂದೇ ಹೇಳಿ ತೀರ್ಪು ಕೊಡುತ್ತಾನೆ. ದೈವದ ಹೆಸರಿನಲ್ಲಿ ಕೊಡುವುದಿಲ್ಲ. ಆದುದರಿಂದ ಆಕ್ಷೇಪವಿಲ್ಲ. ಘನವಸ್ತುವಾದ ದಾಳಕ್ಕೆ ಅತಿಶಯವಾದ ಮಹಿಮೆಯೇನೂ ಇಲ್ಲವೆಂಬುದು ಇದರಿಂದ ಗೊತ್ತಾಗುತ್ತದೆ. ಸೂತ್ರಧಾರನು ತಾನು ಒಪ್ಪಿಕೊಂಡ ಕಟ್ಟಿಗೆ ಎಲ್ಲರೆದುರಿಗೆ ಒಳಗಾಗಿರುವನೇ ಇಲ್ಲವೇ ಎಂಬುದೊಂದೇ ನೋಡಬೇಕಾದುದು.

೨೦೧೫ರಿಂದ ಈಚೆಗೆ ‘ಕ್ರಿಟಿಕಲ್ ರೋಲ್’ ಎಂಬ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದ ಕಂಠನಟರ ಕೂಟವೊಂದು ತಮ್ಮ ಆಟವನ್ನು ಲೋಕಕ್ಕೆ ಪ್ರಸಾರಮಾಡತೊಡಗಿದ ಮೇಲೆ ಪ್ರೇಕ್ಷಕನೆಂಬವನೂ ಹುಟ್ಟಿಕೊಂಡನು. ನಟನೂ ಸಹೃದಯನೂ ಬೇರೆಯಾದುದರಿಂದ ಅದು ಮತ್ತೆ ದೃಶ್ಯಕಾವ್ಯದ ಅಂಗಳಕ್ಕೆ ಬಂದಂತಾಯಿತು. ಅದರ ವಿಚಾರವು ಪ್ರತ್ಯೇಕವಾಗಿ ಆಗತಕ್ಕದ್ದು.

ಸಂಧಿಗಳ ದೃಷ್ಟಿಯಿಂದ ನೋಡಿದರೆ ಪಾತ್ರಕ್ರೀಡೆಯು ಗರ್ಭಸಂಧಿಯಲ್ಲಿಯೇ ವಾಸಿಸುವ ರೂಪಕ. ಫಲವು ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಅರಸಬೇಕಾಗುತ್ತದೆ. ಪ್ರಾಪ್ತ್ಯಾಶೆಯು ವಾರಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ, ಬೆಳೆಯುತ್ತ ಹೋಗುತ್ತದೆ. ಮುಖ, ಪ್ರತಿಮುಖಗಳು ಒಂದೆರಡು ಸಂಜೆಗಳಲ್ಲಿ ಮುಗಿಯುತ್ತವೆ. ನಿಯತಾಪ್ತಿಯೆಂಬ ಅವಸ್ಥೆಗೆ, ಎಂದರೆ ಫಲವು ಖಚಿತವಾಗುವ ಸ್ಥಿತಿಗೆ, ದಾಳವು ಉರುಳುತ್ತಿರುವ ತನಕ ಎಡೆಯೇ ಇಲ್ಲ. ನಿರ್ವಹಣವನ್ನು ಮುಟ್ಟುವ ಆಟಗಳು ವಿರಳ. ಹೆಚ್ಚಿನವು ಆಟಗಾರರು ಊರು ಬಿಟ್ಟುದರಿಂದಲೋ ಸಂಸಾರದ ತೊಡಕಿನಿಂದಲೋ ನಡುವೆಯೇ ನಿಂತುಹೋಗುತ್ತವೆ. ಇದನ್ನು ನ್ಯೂನತೆಯೆಂದು ಒಪ್ಪಲೇಬೇಕು. ಸೂತ್ರಧಾರರು ಕಥೆಯನ್ನು ತಾವೇ ಎಳೆದೊಯ್ಯಲು ಆತುರಪಡುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಈ ತೊಡಕನ್ನು ಗ್ರೆಗ್ ಸ್ಟಾಫರ್ಡ್ ರಚಿಸಿದ ‘ಪೆಂಡ್ರಾಗನ್’ (೧೯೮೫) ಬಿಡಿಸಿದಷ್ಟು ಚೆನ್ನಾಗಿ ಬೇರೊಂದು ಆಟವು ಬಿಡಿಸಿಲ್ಲ. ಅದರ ವಸ್ತುವು ಪ್ರಖ್ಯಾತವಾದುದು, ಬ್ರಿಟನ್ನಿನ ಆರ್ಥರ್ ದೊರೆಯ ಕಥೆ. ಆಟಗಾರರು ಆ ಕಾಲದ ಸಾಮಂತವೀರರು. ಅವರ ಶೀಲವನ್ನು ಹದಿಮೂರು ಜೋಡಿ ಗುಣಗಳಲ್ಲಿ ಅಳೆದಿಟ್ಟಿದೆ. ದಯೆ ಒಂದು ಅಂಕ ಏರಿದರೆ ಅದರ ಜೋಡಿಯಾದ ಕ್ರೌರ್ಯ ಒಂದು ಅಂಕ ಇಳಿಯುತ್ತದೆ, ಎರಡರ ಮೊತ್ತ ಯಾವಾಗಲೂ ಇಪ್ಪತ್ತು. ವರ್ಷಕ್ಕೆ ಒಂದು ಸಾಹಸ. ಚಳಿಗಾಲ ಬಂದಾಗ ವೀರನು ಮನೆಗೆ ಮರಳಿ ಬೆಳೆಯ ಲೆಕ್ಕವನ್ನೂ ಮಕ್ಕಳ ಹುಟ್ಟುಸಾವನ್ನೂ ದಾಳದಿಂದ ತಿಳಿಯುತ್ತಾನೆ. ವಯಸ್ಸು ಏರುತ್ತದೆ, ತೋಳು ಸೋಲುತ್ತದೆ, ಸತ್ತರೆ ಮಗನು ಕತ್ತಿಯನ್ನೆತ್ತಿಕೊಳ್ಳುತ್ತಾನೆ. ೨೦೦೬ರಲ್ಲಿ ಪ್ರಕಟವಾದ ಇದರ ಮಹಾಪ್ರಸಂಗವು ೪೮೫ನೆಯ ವರ್ಷದಿಂದ ಮೊದಲಾಗಿ ಸುಮಾರು ಎಂಬತ್ತು ವರ್ಷಗಳ ಕಾಲವನ್ನು ವರ್ಷವರ್ಷವಾಗಿ ಹಂಚಿಕೊಟ್ಟಿದೆ. ಆರ್ಥರನು ಕ್ಯಾಮ್ಲನ್ನಿನ ಕಾಳಗದಲ್ಲಿ ಬೀಳುವನೆಂಬುದು ಮೇಜಿನ ಸುತ್ತ ಕುಳಿತವರೆಲ್ಲರಿಗೂ ಮೊದಲ ಸಂಜೆಯೇ ತಿಳಿದಿರುತ್ತದೆ. ವಾಲಿಯ ಎದೆಯ ಬಾಣದಂತೆ ಅದನ್ನು ಯಾರೂ ಕೀಳಲಾರರು, ಸೂತ್ರಧಾರನೂ ಅದನ್ನು ಬಚ್ಚಿಡುವುದಿಲ್ಲ. ಆ ಕಾಳಗದ ದಿನ ತನ್ನ ಮನೆತನದಲ್ಲಿ ಯಾರು ಉಳಿದಿರುವರ‍ು, ಅವನು ದೊರೆಯ ಪಕ್ಷದಲ್ಲಿ ನಿಲ್ಲುವನೋ ಎದುರು ಪಕ್ಷದಲ್ಲಿಯೋ ಎಂಬುದು ಮಾತ್ರ ಆಟಗಾರನಿಗೂ ತಿಳಿಯದು, ಸೂತ್ರಧಾರನಿಗೂ ತಿಳಿಯದು. ಅದಕ್ಕಾಗಿ ದಾಳವು ಮೇಜಿನ ನಡುವೆ, ಎಲ್ಲರಿಗೂ ಕಾಣುವಂತೆ, ಬಿದ್ದಿರುತ್ತದೆ.